ಹೋಳಿಯಿಂದ ರಾಮನವಮಿಯವರೆಗೆ

ಕಾಲೇಜಿನ ವರ್ಷದಲ್ಲಿ ಎರಡು ಸಲ ಮಕ್ಕಳು ತಾವಾಗಿಯೇ ಓದುತ್ತಾರೆ. ಜುಲೈಯಲ್ಲಿ ಹೊಸ ನೋಟ್‌ಬುಕ್, ಹೊಸ ಗೆಳೆತನ, ಹೊಸ ನಿರ್ಧಾರಗಳ ಹುರುಪು ಇರುತ್ತದೆ. ಮೇ ತಿಂಗಳಲ್ಲಿ ಪರೀಕ್ಷೆಯ ಭಯವೇ ಎಬ್ಬಿಸಿ ಕೂರಿಸುತ್ತದೆ. ಇವೆರಡರ ನಡುವೆ, ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುಭಾಗದವರೆಗೆ, ಹುರುಪೂ ಇಲ್ಲದ ಭಯವೂ ಇಲ್ಲದ ಒಂದು ಕಾಲ ಬರುತ್ತದೆ. ನಾಸಿಕ್‌ನ ಪಂಚವಟಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇಂಜಿನಿಯರಿಂಗ್ ಮಕ್ಕಳಿಗೆ ಮನೆಯಲ್ಲೇ ಗಣಿತ ಹೇಳಿಕೊಡುತ್ತಿದ್ದೇನೆ. ನಾನು ಕಂಡಂತೆ, ಓದು ಬಿಟ್ಟುಹೋದ ಮಕ್ಕಳಲ್ಲಿ ಹೆಚ್ಚಿನವರು ಮನಸ್ಸಿನಲ್ಲಿ ಬಿಟ್ಟದ್ದು ಈ ಎರಡು ತಿಂಗಳಲ್ಲೇ. ಫಲಿತಾಂಶ ಬಂದಾಗ ಅದು ಉಳಿದವರಿಗೆ ಗೊತ್ತಾಯಿತು, ಅಷ್ಟೆ.

ನಾನು ಧಾರವಾಡದವಳು. ನಮ್ಮವರಿಗೆ ಬೆಂಗಳೂರಿನ ಎಚ್‌ಎಎಲ್‌ನಿಂದ ಇಲ್ಲಿನ ಓಝರ್ ಕಾರ್ಖಾನೆಗೆ ವರ್ಗವಾದಾಗ ಈ ಊರಿಗೆ ಬಂದೆವು. ಮಿಗ್-21 ವಿಮಾನ ತಯಾರಿಸಲೆಂದು 1964ರಲ್ಲಿ ಶುರುವಾದ ಆ ಕಾರ್ಖಾನೆ ನಮ್ಮಂಥ ಹಲವು ಕನ್ನಡ ಮನೆಗಳನ್ನು ಗೋದಾವರಿ ದಂಡೆಗೆ ತಂದಿತು. ಸಾತಪುರ, ಅಂಬಡದ ಎಂಐಡಿಸಿ ಕಾರ್ಖಾನೆಗಳು ಇನ್ನಷ್ಟು ಜನರನ್ನು ಕರೆತಂದವು. ಅವರ ಬೆನ್ನಿಗೆ ಅವರ ಅಕ್ಕನ ಮಕ್ಕಳು, ತಮ್ಮನ ಮಕ್ಕಳು ಓದಲು ಬಂದರು.

ಪಂಚವಟಿ ಎಂದರೆ ಹೊರಗಿನವರಿಗೆ ರಾಮಕುಂಡ, ಕಾಳಾರಾಮ ಮಂದಿರ, ಸೀತಾ ಗುಂಫಾ. ಇಲ್ಲಿರುವ ನಮಗೆ ಇದು ವಿದ್ಯಾರ್ಥಿಗಳ ಪೇಟೆಯೂ ಹೌದು. ಅಮೃತಧಾಮದಲ್ಲಿ 1984ರಿಂದ ಕೆ. ಕೆ. ವಾಘ್ ಇಂಜಿನಿಯರಿಂಗ್ ಕಾಲೇಜು ಇದೆ. ದಿಂಡೋರಿ ರಸ್ತೆಯ ಮ್ಹಸರೂಳದಲ್ಲಿ 1998ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. ನದಿ ದಾಟಿದರೆ ಗಂಗಾಪುರ ರಸ್ತೆಯಲ್ಲಿ ಕೆಟಿಎಚ್‌ಎಂ ಕಾಲೇಜು. ಪೇಯಿಂಗ್ ಗೆಸ್ಟ್ ಕೋಣೆಗಳು, ಮೆಸ್‌ಗಳು, ಝೆರಾಕ್ಸ್ ಅಂಗಡಿಗಳು ಯಾತ್ರಿಕರ ಧರ್ಮಶಾಲೆಗಳ ಪಕ್ಕದಲ್ಲೇ ಬೆಳೆದಿವೆ.

ಹಬ್ಬಗಳ ನಡುವಿನ ಬರಗಾಲ

ಇಲ್ಲಿನ ಈ ಕಾಲ ಹೇಗಿರುತ್ತದೆ ಎಂದು ಹೇಳುತ್ತೇನೆ. ಸುತ್ತಲಿನ ತೋಟಗಳಲ್ಲಿ ದ್ರಾಕ್ಷಿ ಕೊಯ್ಲು ನಡೆದಿರುತ್ತದೆ. ಹೋಳಿಯಾದ ಐದನೇ ದಿನ ರಂಗಪಂಚಮಿ. ಪೇಶ್ವೆಯವರ ಕಾಲದ್ದೆಂದು ಹೇಳುವ ‘ರಹಾಡ’ ಎಂಬ ಬಣ್ಣದ ಹೊಂಡಗಳನ್ನು ಆ ದಿನ ತೆರೆಯುತ್ತಾರೆ. ನಮ್ಮ ಪಂಚವಟಿಯ ಶನಿ ಚೌಕದಲ್ಲೂ ಒಂದಿದೆ. ಹುಡುಗರು ಅದರೊಳಗೆ ಧುಮುಕಿ ಎರಡು ದಿನ ಬಣ್ಣ ಹೋಗದೆ ತಿರುಗುತ್ತಾರೆ. ಆಮೇಲೆ ಗುಡಿ ಪಾಡ್ವ, ಅಂದರೆ ನಮ್ಮ ಯುಗಾದಿ. ಆಮೇಲೆ ರಾಮನವಮಿ, ಅದಾದ ಏಕಾದಶಿಗೆ ರಾಮರಥ, ಗರುಡರಥ. ಬೀದಿ ತುಂಬ ಜನ, ಧ್ವನಿವರ್ಧಕ. ಅಷ್ಟರಲ್ಲಿ ಬಿಸಿಲು ನಲವತ್ತು ಡಿಗ್ರಿಯ ಹತ್ತಿರ ಬಂದಿರುತ್ತದೆ.

ಊರಿಗೆಲ್ಲ ಹಬ್ಬ. ಕೋಣೆಗೆ ಹಿಂದಿರುಗಿದ ಹುಡುಗಿಗೆ ಮಾತ್ರ ಅದೇ ಮೇಜು, ಅದೇ ಮುಗಿಯದ ಜರ್ನಲ್, ಸಹಿಯಾಗದ ಫೈಲು, ಇನ್‌ಸೆಮ್ ಪರೀಕ್ಷೆಯಲ್ಲಿ ಬಂದ ಕಡಿಮೆ ಅಂಕ. ಮನೆಯವರು ಹಬ್ಬದ ಫೋಟೋ ಕಳಿಸುತ್ತಾರೆ. ಅವಳು ಹೋಳಿಗೆಯ ಚಿತ್ರಕ್ಕೆ ಒಂದು ಹೃದಯದ ಗುರುತು ಒತ್ತಿ, ಫೋನು ಕವುಚಿ ಇಟ್ಟು ಮಲಗುತ್ತಾಳೆ. ಮರುದಿನ ಮೊದಲ ಪೀರಿಯಡ್‌ಗೆ ಹೋಗುವುದಿಲ್ಲ. ಹಾಗೆಯೇ ಹಾಜರಿ ಎಪ್ಪತ್ತೈದರ ಕೆಳಗೆ ಇಳಿಯುತ್ತದೆ.

ಇದನ್ನು ಸೋಮಾರಿತನ ಎಂದು ಕರೆಯುವುದು ಸುಲಭ. ಆದರೆ ಇದರ ಬಗ್ಗೆ ಮನಶ್ಶಾಸ್ತ್ರಜ್ಞರು ಬಹಳ ಹಿಂದಿನಿಂದ ಕೆಲಸ ಮಾಡಿದ್ದಾರೆ. ಗುರಿ ಹತ್ತಿರವಾದಂತೆ ಓಟದ ವೇಗ ಹೆಚ್ಚುತ್ತದೆ ಎಂದು ಅಮೆರಿಕದ ಕ್ಲಾರ್ಕ್ ಹಲ್ 1930ರ ದಶಕದಲ್ಲೇ ಇಲಿಗಳ ಮೇಲಿನ ಪ್ರಯೋಗಗಳಿಂದ ಹೇಳಿದ್ದರು. 2011ರಲ್ಲಿ ಬೊನೆಜ್ಜಿ, ಬ್ರೆಂಡಲ್, ಡಿ ಆಂಜೆಲಿಸ್ ಎಂಬ ಮೂವರು ಅದಕ್ಕೆ ಇನ್ನೊಂದು ಮಾತು ಸೇರಿಸಿದರು. ಮನುಷ್ಯ ಆರಂಭದಲ್ಲಿ ‘ಎಷ್ಟು ದೂರ ಬಂದೆ’ ಎಂದು ಅಳೆಯುತ್ತಾನೆ, ಕೊನೆಗೆ ‘ಇನ್ನೆಷ್ಟು ಉಳಿಯಿತು’ ಎಂದು ಅಳೆಯುತ್ತಾನೆ. ನಡುವಿನಲ್ಲಿ ಎರಡೂ ದೂರ. ಒಂದು ಹೆಜ್ಜೆ ಇಟ್ಟರೂ ಏನೂ ಬದಲಾದಂತೆ ಕಾಣುವುದಿಲ್ಲ. ಹುಮ್ಮಸ್ಸು ಅಲ್ಲೇ ಕುಸಿಯುತ್ತದೆ.

ಇದನ್ನು ಮಕ್ಕಳಿಗೆ ಹೇಳಿದಾಗ ಅವರ ಮುಖ ಸ್ವಲ್ಪ ಸಡಿಲವಾಗುವುದನ್ನು ನೋಡಿದ್ದೇನೆ. ‘ನನ್ನಲ್ಲೇ ಏನೋ ಕೊರತೆ ಇದೆ’ ಎಂಬ ಭಾವನೆ ಹೋಗಿ, ‘ನಾನೀಗ ದಾರಿಯ ನಡುವೆ ಇದ್ದೇನೆ’ ಎಂದು ಅನ್ನಿಸುವುದೇ ಅರ್ಧ ಔಷಧ.

ಮೂರು ಭಾಷೆಯ ಹೊರೆ

ನಮ್ಮ ಮಕ್ಕಳಿಗೆ ಇನ್ನೊಂದು ಭಾರ ಇದೆ. ಮನೆಯವರೊಡನೆ ಕನ್ನಡ, ಕೋಣೆಯಲ್ಲಿ ಮತ್ತು ಮೆಸ್‌ನಲ್ಲಿ ಮರಾಠಿ, ಪರೀಕ್ಷೆಯಲ್ಲಿ ಇಂಗ್ಲಿಷ್. ವರ್ಷದ ಮೊದಲಲ್ಲಿ ಇದು ಮೋಜು. ಹೊಸ ಭಾಷೆ ಕಲಿತೆ ಎಂಬ ಹೆಮ್ಮೆ ಇರುತ್ತದೆ. ದಣಿದಾಗ ಮಾತ್ರ ದಣಿವನ್ನು ಯಾವ ಭಾಷೆಯಲ್ಲಿ ಹೇಳಿಕೊಳ್ಳಬೇಕೆಂದು ತೋಚುವುದಿಲ್ಲ. ಮರಾಠಿಯಲ್ಲಿ ಹೇಳಲು ಪದ ಸಾಲದು, ಮನೆಯಲ್ಲಿ ಹೇಳಿದರೆ ಗಾಬರಿಯಾಗುತ್ತಾರೆ.

ಪದಗಳೂ ತೊಡಕು ಮಾಡುತ್ತವೆ. ಮಹಾರಾಷ್ಟ್ರದ ಕಾಲೇಜುಗಳಲ್ಲಿ ‘ಎಟಿಕೆಟಿ’ ಎಂಬ ಮಾತಿದೆ, ‘ಅಲೌಡ್ ಟು ಕೀಪ್ ಟರ್ಮ್ಸ್’ ಎಂಬುದರ ಚಿಕ್ಕ ರೂಪ. ಬಿದ್ದ ವಿಷಯವನ್ನು ಹೊತ್ತುಕೊಂಡೇ ಮುಂದಿನ ತರಗತಿಗೆ ಹೋಗಬಹುದು ಎಂಬ ಅನುಮತಿ ಅದು. ನಮ್ಮಲ್ಲಿ ಇದನ್ನೇ ಬ್ಯಾಕ್‌ಲಾಗ್ ಅನ್ನುತ್ತಾರೆ. ಊರಿನ ಹಿರಿಯರ ಕಿವಿಗೆ ಎರಡೂ ಒಂದೇ, ‘ಫೇಲು’. ಅನುಮತಿಯ ಪದ ಫೋನಿನಲ್ಲಿ ಊರು ತಲುಪುವ ಹೊತ್ತಿಗೆ ಅವಮಾನದ ಪದವಾಗುತ್ತದೆ. ಹಾಗಾಗಿ ಮಕ್ಕಳು ಹೇಳುವುದನ್ನೇ ಬಿಡುತ್ತಾರೆ.

ಇಂಡಿಯ ಹುಡುಗಿ

ಕೆಲವು ವರ್ಷಗಳ ಹಿಂದೆ ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಒಬ್ಬ ಹುಡುಗಿ ನನ್ನ ಹತ್ತಿರ ಬರುತ್ತಿದ್ದಳು. ಅಪ್ಪನಿಗೆ ನಿಂಬೆ ತೋಟ. ಸೋದರಮಾವ ಅಂಬಡದ ಕಾರ್ಖಾನೆಯಲ್ಲಿದ್ದ ಧೈರ್ಯದ ಮೇಲೆ ಅವಳನ್ನು ಇಲ್ಲಿ ಓದಲು ಬಿಟ್ಟಿದ್ದರು. ಅವಳು ಕಂಪ್ಯೂಟರ್ ವಿಭಾಗದ ಎರಡನೇ ವರ್ಷಕ್ಕೆ ಬಂದಾಗ ಮಾವನಿಗೆ ಪುಣೆ ಹತ್ತಿರದ ಚಾಕಣದಲ್ಲಿ ಕೆಲಸವಾಯಿತು. ಹುಡುಗಿ ಪಂಚವಟಿಯ ಒಂದು ಕೋಣೆಯಲ್ಲಿ ಉಳಿದಳು. ಮೂರನೇ ಸೆಮಿಸ್ಟರಿನ ಮೂರು ವಿಷಯ ಹಿಂದುಳಿದಿದ್ದವು. ‘ಎಂ-ತ್ರೀ’ ಎಂದು ಎಲ್ಲರೂ ಹೆದರುವ ಇಂಜಿನಿಯರಿಂಗ್ ಗಣಿತದ ಇನ್‌ಸೆಮ್‌ನಲ್ಲಿ 30ಕ್ಕೆ 7 ಬಂದಿತ್ತು.

ರಂಗಪಂಚಮಿಯ ಮರುದಿನ ಬಂದು ಹೇಳಿದಳು: “ಕಾಕು, ನಾ ಊರಿಗೆ ಹೋಗಿಬಿಡ್ತೀನ್ರಿ. ಪುಸ್ತಕ ತೆಗದ್ರ ಅಕ್ಷರ ಕಾಣಸ್ತಾವ, ತಲ್ಯಾಗ ಏನೂ ಹೋಗವಲ್ದು. ಬರೂ ವರ್ಷ ನೋಡೋಣಂತ.”

ಬರುವ ವರ್ಷ ಎಂಬುದು ಅವಳ ಮನೆಯಲ್ಲಿ ಬರುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಊರಿಗೆ ಹೋದರೆ ಬೇಸಗೆ ಮುಗಿಯುವುದರೊಳಗೆ ವರ ಬರುತ್ತಿದ್ದ. ಫೀಸಿಗೆಂದು ತೆಗೆದ ಸಾಲ ಹಾಗೆಯೇ ಉಳಿಯುತ್ತಿತ್ತು.

“ಹೋಗಬ್ಯಾಡ ಅನ್ನಂಗಿಲ್ಲವ್ವ. ಹೋಗೂ ಮೊದಲ ಒಂದು ಹಾಳಿ ಮ್ಯಾಲ ಲೆಕ್ಕಾ ಮಾಡೋಣು,” ಎಂದೆ.

ಲೆಕ್ಕ ಇಷ್ಟೇ. ಪುಣೆ ವಿಶ್ವವಿದ್ಯಾಲಯದ 2019ರ ಪಠ್ಯಕ್ರಮದಲ್ಲಿ ಇನ್‌ಸೆಮ್ 30, ಎಂಡ್‌ಸೆಮ್ 70. ಎರಡೂ ಕೂಡಿ 40 ಬಂದರೆ ಪಾಸು. ಏಳು ಬಂದಿದೆ, ಇನ್ನು 33 ಬೇಕು. ಎಂಡ್‌ಸೆಮ್‌ನಲ್ಲಿ ಉಳಿದಿರುವುದು ನಾಲ್ಕು ಘಟಕ, ಒಂದೊಂದಕ್ಕೆ 17 ಅಥವಾ 18 ಅಂಕ. ಪ್ರತಿ ಘಟಕದಲ್ಲೂ ಎರಡು ಪ್ರಶ್ನೆಯಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಅಂದರೆ ಎರಡು ಘಟಕ ಚೆನ್ನಾಗಿ, ಮೂರನೆಯದು ಅರ್ಧ ಬಂದರೂ ದಾಟಬಹುದು. ಸ್ಟಾಟಿಸ್ಟಿಕ್ಸ್ ಮತ್ತು ಪ್ರಾಬಬಿಲಿಟಿಯಿಂದ ಶುರು ಮಾಡೋಣ ಎಂದುಕೊಂಡೆವು. ಪರೀಕ್ಷೆಗೆ ಒಂಬತ್ತು ವಾರ ಇತ್ತು. ದಿನಕ್ಕೆ ನಾಲ್ಕು ಲೆಕ್ಕ, ವಾರಕ್ಕೆ ಆರು ದಿನ.

ಅವಳು ಆ ಹಾಳಿಯನ್ನು ಬಹಳ ಹೊತ್ತು ನೋಡಿದಳು. “ಇಷ್ಟ ಏನ್ರಿ?” ಎಂದಳು. ಅಷ್ಟು ದಿನ ಅವಳ ತಲೆಯಲ್ಲಿದ್ದದ್ದು ‘ಎಲ್ಲಾ ಹೋತು’ ಎಂಬ ಒಂದೇ ಮಾತು. ಈಗ ಹೋದದ್ದು 23 ಅಂಕ, ಉಳಿದದ್ದು 70 ಎಂದು ಕಣ್ಣಿಗೆ ಕಂಡಿತು.

ಆಮೇಲಿನದು ಚಮತ್ಕಾರವೇನಲ್ಲ. ಮೊದಲ ವಾರ ನಾಲ್ಕರಲ್ಲಿ ಎರಡು ಲೆಕ್ಕ ತಪ್ಪುತ್ತಿದ್ದವು. ಒಂದು ವಾರ ಜ್ವರ ಬಂದು ಏನೂ ಆಗಲಿಲ್ಲ. ರಥೋತ್ಸವದ ದಿನ ಸದ್ದಿಗೆ ಓದಲಾಗದೆ ನಮ್ಮ ಅಡುಗೆಮನೆಯಲ್ಲಿ ಕೂತು ಮಾಡಿದಳು. ಕೊನೆಗೆ ಎಂ-ತ್ರೀಯಲ್ಲಿ 70ಕ್ಕೆ 36 ಬಂತು. ಹಿಂದುಳಿದ ಮೂರರಲ್ಲಿ ಎರಡು ದಾಟಿದವು, ಒಂದು ಉಳಿಯಿತು, ಅದನ್ನು ಮುಂದಿನ ಸಲ ಮುಗಿಸಿದಳು. ಅಂಕಪಟ್ಟಿಯಲ್ಲಿ ಹೆಮ್ಮೆ ಪಡುವಂಥದ್ದೇನೂ ಇರಲಿಲ್ಲ. ಆದರೆ ಹುಡುಗಿ ಮೂರನೇ ವರ್ಷಕ್ಕೆ ಹೋದಳು.

ಕೈಗೆ ಸಿಗುವ ಉಪಾಯಗಳು

ಇಷ್ಟು ವರ್ಷಗಳಲ್ಲಿ ಉಪಯೋಗಕ್ಕೆ ಬಂದ ಕೆಲವನ್ನು ಹೇಳುತ್ತೇನೆ.

ಮೊದಲನೆಯದು, ನಡುದಾರಿಯನ್ನು ತುಂಡು ಮಾಡುವುದು. ಪರೀಕ್ಷೆ ಎಂಬ ದೂರದ ಗುರಿಗೆ ಬದಲು ಶನಿವಾರ ಎಂಬ ಹತ್ತಿರದ ಗುರಿ ಇಟ್ಟುಕೊಳ್ಳಿ. ಪ್ರತಿ ಸೋಮವಾರ ಒಂದು ಆರಂಭ, ಪ್ರತಿ ಶನಿವಾರ ಒಂದು ಕೊನೆ. ಆಗ ‘ನಡುವೆ’ ಎಂಬುದು ಬುಧವಾರ ಒಂದೇ ದಿನ ಇರುತ್ತದೆ. ಹಾಳಿಯಲ್ಲಿ ಬರೆದು ಗೋಡೆಗೆ ಅಂಟಿಸಿ, ಮುಗಿದದ್ದಕ್ಕೆ ಗೆರೆ ಎಳೆಯಿರಿ.

ಎರಡನೆಯದು, ಓದಿದ್ದನ್ನೇ ಮತ್ತೆ ಓದುವ ಬದಲು ಪುಸ್ತಕ ಮುಚ್ಚಿ ನೆನಪಿನಿಂದ ಬರೆಯುವುದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಂದ ಇದನ್ನು ಮಾಡಿಸಿ ನೋಡಿದರು. ಒಂದು ವಾರದ ನಂತರ ಕೇಳಿದಾಗ, ಮತ್ತೆ ಓದಿದವರಿಗೆ ಶೇ. 42ರಷ್ಟು ನೆನಪಿತ್ತು, ಪುಸ್ತಕ ಮುಚ್ಚಿ ಬರೆದವರಿಗೆ ಶೇ. 56ರಷ್ಟು. ವಿಶೇಷವೆಂದರೆ, ಐದೇ ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಅದಕ್ಕೇ ಮತ್ತೆ ಮತ್ತೆ ಓದುವುದು ಹಿತವೆನಿಸುತ್ತದೆ. ದಣಿದ ಕಾಲದಲ್ಲಿ ಗಂಟೆಗಟ್ಟಲೆ ಪುಟ ತಿರುಗಿಸಿ ‘ಇಷ್ಟು ಓದಿದರೂ ಬರಲಿಲ್ಲ’ ಎಂದು ಕುಸಿಯುವುದಕ್ಕಿಂತ, ಅರ್ಧ ಗಂಟೆ ಬರೆದು ನಿಲ್ಲಿಸುವುದು ಮೇಲು.

ಮೂರನೆಯದು, ‘ನಾಳೆಯಿಂದ ಚೆನ್ನಾಗಿ ಓದುತ್ತೇನೆ’ ಎನ್ನುವ ಬದಲು ‘ಮೆಸ್‌ನಲ್ಲಿ ಊಟ ಮುಗಿಸಿ ಬಂದ ಕೂಡಲೇ ಮೇಜಿನ ಮುಂದೆ ಕೂತು ಒಂದು ಲೆಕ್ಕ ಮಾಡುತ್ತೇನೆ’ ಎಂದು ಹೊತ್ತು, ಜಾಗ, ಕೆಲಸ ಮೂರನ್ನೂ ಕಟ್ಟಿಡುವುದು. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೊಲ್‌ವಿಟ್ಜರ್ ಈ ಬಗೆಯ ನಿರ್ಧಾರಗಳ ಬಲದ ಬಗ್ಗೆ 1999ರಲ್ಲಿ ಬರೆದ ಲೇಖನ ಹೆಸರುವಾಸಿ. ನಮ್ಮ ಅಜ್ಜಿಯಂದಿರು ದೀಪ ಹಚ್ಚಿದ ಕೂಡಲೇ ಮಗ್ಗಿ ಹೇಳಿಸುತ್ತಿದ್ದುದೂ ಇದೇ. ಮನಸ್ಸು ಬರಲಿ ಎಂದು ಅವರು ಕಾಯುತ್ತಿರಲಿಲ್ಲ. ದೀಪ ಹಚ್ಚಿದರೆ ಮಗ್ಗಿ, ಅಷ್ಟೆ. ಕೂತು ಎರಡು ಲೆಕ್ಕ ಆದ ಮೇಲೆ ಮನಸ್ಸು ತಾನಾಗಿ ಬರುತ್ತದೆ.

ನಾಲ್ಕನೆಯದು ಜೊತೆ. ಜೊತೆಗಿರುವವರು ಪಾಠ ಹೇಳಿಕೊಡಬೇಕೆಂದಿಲ್ಲ, ಪಕ್ಕದಲ್ಲಿ ಕೂತು ತಮ್ಮ ಕೆಲಸ ಮಾಡಿದರೂ ಸಾಕು. ನಮ್ಮ ಮನೆಯ ಹೊರಕೋಣೆಯಲ್ಲಿ ಮಾರ್ಚ್ ಬಂತೆಂದರೆ ಸಂಜೆ ಏಳರಿಂದ ಒಂಬತ್ತರವರೆಗೆ ನಾಲ್ಕೈದು ಮಕ್ಕಳು ಬಂದು ಕೂರುತ್ತಾರೆ. ಕೆಲವರು ಬೇರೆ ವಿಷಯದವರು, ಒಬ್ಬಳು ನರ್ಸಿಂಗ್ ಓದುವವಳು. ಒಂಬತ್ತಕ್ಕೆ ಚಹಾ, ಚುರುಮುರಿ. ಅಷ್ಟು ಹೊತ್ತು ಕನ್ನಡದಲ್ಲಿ ಹರಟೆ.

ಈ ನೆಲ ಕಂಡ ದೀರ್ಘ ದಾರಿ

ಕೊನೆ ಕಾಣದ ನಡುದಾರಿ ಪಂಚವಟಿಗೆ ಹೊಸದಲ್ಲ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ಕಾಳಾರಾಮ ಮಂದಿರದ ಮುಂದೆ 1930ರ ಮಾರ್ಚ್ 2ರಂದು ಡಾ. ಅಂಬೇಡ್ಕರ್ ನೇತೃತ್ವದಲ್ಲಿ ದಲಿತರ ಪ್ರವೇಶಕ್ಕಾಗಿ ಸತ್ಯಾಗ್ರಹ ಆರಂಭವಾಯಿತು. ದಾದಾಸಾಹೇಬ ಗಾಯಕವಾಡರಂಥ ಸ್ಥಳೀಯ ನಾಯಕರು ಅದನ್ನು ಸುಮಾರು ಐದು ವರ್ಷ ನಡೆಸಿದರು. ಅಷ್ಟಾದರೂ ಆಗ ಬಾಗಿಲು ತೆರೆಯಲಿಲ್ಲ. ಅಂಬೇಡ್ಕರ್ ಇನ್ನೊಂದು ಬಾಗಿಲು ತೆರೆಯಲು ಹೊರಟರು. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿದರು. 1950ರಲ್ಲಿ ಇಲ್ಲಿಂದ ನಾಲ್ಕು ತಾಸಿನ ದಾರಿಯ ಔರಂಗಾಬಾದಿನಲ್ಲಿ, ಇಂದಿನ ಛತ್ರಪತಿ ಸಂಭಾಜಿನಗರದಲ್ಲಿ, ಆ ಸಂಸ್ಥೆಯ ಕಾಲೇಜು ಶುರುವಾಯಿತು. ಇಂದು ಅದು ಮಿಲಿಂದ್ ಮಹಾವಿದ್ಯಾಲಯ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಎಷ್ಟೋ ಮಕ್ಕಳು ಅಲ್ಲಿ ಓದಿದರು.

ಇದನ್ನು ಮಕ್ಕಳ ಬೇಸರಕ್ಕೆ ಹೋಲಿಸುತ್ತಿಲ್ಲ, ಅದು ಸರಿಯೂ ಅಲ್ಲ. ಆದರೆ ಮನೆಗೆ ಮೊದಲ ಪದವಿ ತರಲು ಹೊರಟ ಮಗುವಿನ ಮೇಲೆ ಎಷ್ಟು ಭಾರ ಇರುತ್ತದೆ ಎಂಬುದು ಈ ಚರಿತ್ರೆ ಗೊತ್ತಿದ್ದವರಿಗೆ ಬೇಗ ಅರ್ಥವಾಗುತ್ತದೆ.

ನಿಜವಾಗಿಯೂ ನಿಲ್ಲಿಸಲೇಬೇಕಾದ ಸಂದರ್ಭಗಳೂ ಬರುತ್ತವೆ. ತಂದೆಯ ಕಾಯಿಲೆ, ಹಣದ ತೊಂದರೆ, ಆರೋಗ್ಯ. ಆಗಲೂ ದಾರಿ ಮುಗಿಯಿತೆಂದಲ್ಲ. 1989ರಲ್ಲಿ ಸ್ಥಾಪನೆಯಾದ ಯಶವಂತರಾವ್ ಚವಾಣ್ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾಲಯದ ಕೇಂದ್ರ ನಾಸಿಕ್‌ನಲ್ಲೇ ಇದೆ. ಓದು ಅರ್ಧಕ್ಕೆ ನಿಂತವರಿಗೆ ಅದು ದೊಡ್ಡ ಆಸರೆ. ಯುಜಿಸಿ 2021ರಲ್ಲಿ ತಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನು ಏಳು ವರ್ಷದವರೆಗೆ ಕಾದಿಡಬಹುದು. ನಿಮ್ಮ ಮಗುವಿನ ಕಾಲೇಜು ಅದರಲ್ಲಿದೆಯೇ ಎಂದು ಕೇಳಿ ತಿಳಿದುಕೊಳ್ಳಿ. ನಮ್ಮ ಬೇಂದ್ರೆಯವರು ಪುಣೆಯ ಫರ್ಗ್ಯೂಸನ್ ಕಾಲೇಜಿನಿಂದ ಬಿ.ಎ. ಮುಗಿಸಿದ್ದು 1918ರಲ್ಲಿ, ಎಂ.ಎ. ಮಾಡಿದ್ದು 1935ರಲ್ಲಿ. ಆಮೇಲೆ ಸೊಲ್ಲಾಪುರದ ಡಿಎವಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದದ್ದು 1944ರಲ್ಲಿ.

ಫೋನಿನ ಈ ತುದಿಯಲ್ಲಿರುವವರಿಗೆ

ಇದನ್ನು ಓದುವವರಲ್ಲಿ ಹಲವರು ಬೆಂಗಳೂರು, ಮುಂಬಯಿ, ಪುಣೆ, ಹೈದರಾಬಾದಿನಲ್ಲಿದ್ದು ಮಕ್ಕಳನ್ನೋ, ತಮ್ಮ ತಂಗಿಯರನ್ನೋ ಇಂಥ ಊರುಗಳಲ್ಲಿ ಓದಲು ಬಿಟ್ಟಿರುತ್ತೀರಿ. ಮಾರ್ಚ್ ತಿಂಗಳಲ್ಲಿ ‘ಓದ್ತಾ ಇದೀಯಾ?’ ಎಂಬ ಪ್ರಶ್ನೆಗೆ ‘ಹೂಂ’ ಎಂಬ ಒಂದೇ ಉತ್ತರ ಸಿಗುತ್ತದೆ. ಅದರ ಬದಲು ‘ಇವತ್ತು ಏನು ತಿಂದೆ, ಯಾರ ಜೊತೆ ತಿಂದೆ?’ ಎಂದು ಕೇಳಿ. ಒಬ್ಬಳೇ ತಿಂದೆ ಎಂಬ ಉತ್ತರ ಮೂರು ದಿನ ಬಂದರೆ ಸ್ವಲ್ಪ ಎಚ್ಚರವಾಗಿ. ಎಟಿಕೆಟಿ ಎಂಬ ಮಾತು ಬಂದರೆ ಮೊದಲು ‘ಎಷ್ಟು ಅಂಕ ಬೇಕು, ಎಷ್ಟು ದಿನ ಇದೆ?’ ಎಂದು ಲೆಕ್ಕ ಕೇಳಿ. ಬೈಗುಳ ಆಮೇಲೂ ಆದೀತು. ಪಕ್ಕದ ಮನೆಯ ಹುಡುಗನ ಕ್ಯಾಂಪಸ್ ಆಯ್ಕೆಯ ಸುದ್ದಿಯನ್ನು ಮೇ ಮುಗಿಯುವವರೆಗೆ ನಿಮ್ಮಲ್ಲೇ ಇಟ್ಟುಕೊಳ್ಳಿ.

ಬೇಸರ ಒಂದು, ಕಾಯಿಲೆ ಇನ್ನೊಂದು. ಮಗು ಎರಡು ವಾರದಿಂದ ಸರಿಯಾಗಿ ನಿದ್ದೆ ಮಾಡುತ್ತಿಲ್ಲ, ಊಟ ಬಿಟ್ಟಿದೆ, ಗೆಳೆಯರನ್ನು ತಪ್ಪಿಸುತ್ತಿದೆ, ‘ನಾನಿದ್ದು ಏನು ಪ್ರಯೋಜನ’ ಎಂಬಂಥ ಮಾತಾಡುತ್ತಿದೆ ಎಂದರೆ, ಅಲ್ಲಿ ಮೇಲಿನ ಯಾವ ಉಪಾಯವೂ ಸಾಲದು. ರಜೆ ಹಾಕಿ ಹೊರಟುಬನ್ನಿ, ವೈದ್ಯರಿಗೆ ತೋರಿಸಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ ಇಪ್ಪತ್ನಾಲ್ಕು ತಾಸೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಈ ಸಂಖ್ಯೆಯನ್ನು ನಮ್ಮ ಹೊರಕೋಣೆಯ ಗೋಡೆಗೆ, ಪರೀಕ್ಷಾ ವೇಳಾಪಟ್ಟಿಯ ಪಕ್ಕದಲ್ಲೇ ಅಂಟಿಸಿದ್ದೇನೆ.

ಪ್ರತಿ ಊರಿನಲ್ಲೂ ಹತ್ತಾರು ಕನ್ನಡ ಮನೆಗಳಿವೆ. ನಾವು ರಾಜ್ಯೋತ್ಸವಕ್ಕೆ ಸೇರುತ್ತೇವೆ, ಯುಗಾದಿಗೆ ಊಟ ಹಾಕುತ್ತೇವೆ. ಅವುಗಳ ಜೊತೆಗೆ, ನಿಮ್ಮ ಕಡೆಯ ಒಂದು ಮಗು ನಿಮ್ಮ ಊರಿನಲ್ಲಿ ಓದುತ್ತಿದೆ ಎಂದು ಗೊತ್ತಾದರೆ, ಹೋಳಿಗೂ ರಾಮನವಮಿಗೂ ನಡುವೆ ವಾರಕ್ಕೊಂದು ಸಂಜೆ ಮನೆಗೆ ಕರೆಯಿರಿ. ಪಾಠ ಹೇಳಿಕೊಡಲು ಬಾರದಿದ್ದರೂ ಪರವಾಗಿಲ್ಲ. ಒಂದು ಮೇಜು, ಒಂದು ಫ್ಯಾನು, ಒಂದು ಲೋಟ ಚಹಾ ಸಾಕು. ಉಳಿದ ಲೆಕ್ಕವನ್ನು ಆ ಮಗು ತಾನೇ ಮಾಡಿಕೊಳ್ಳುತ್ತದೆ.